ಸಣ್ಣ ಮೀನಿನ ತವರು ಹುಡುಕುವಾಗ

ಬೆರಳುದ್ದದ, ಹೆಚ್ಚೆಂದರೆ ಗೇಣುದ್ದದ ಕಡಲ ಮೀನುಗಳ ನೆಂಟಸ್ತಿಕೆ ಬಿಡಿಸುವುದು ನನ್ನ ಕಸುಬು. ಬೂತಾಯಿಗೆ ಯಾವುದು ಹತ್ತಿರದ ಬಂಧು, ಯಾವುದು ದೂರದ ದಾಯಾದಿ? ಆ ವಂಶ ಮೊದಲು ಕಾಣಿಸಿಕೊಂಡದ್ದು ಯಾವ ಕಡಲಲ್ಲಿ? ಅಲ್ಲಿಂದ ನಮ್ಮ ಕಡೆಗೆ ಬಂತೋ, ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತೋ? ಮೀನುಗಾರಿಕಾ ಕಾಲೇಜಿನಿಂದಲೋ ಪ್ರಾಣಿಶಾಸ್ತ್ರ ವಿಭಾಗದಿಂದಲೋ ಈ ಕೆಲಸಕ್ಕೆ ಬರುವ ಮಕ್ಕಳು ಕಂಪ್ಯೂಟರಿನಲ್ಲಿ ವಂಶವೃಕ್ಷ ಕಟ್ಟುವುದನ್ನು ಬೇಗ ಕಲಿಯುತ್ತಾರೆ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮೀನು ಇಂದು ಎಲ್ಲಿ ಸಿಗುತ್ತದೋ ಅದೇ ಅದರ ತವರು ಎಂದು ಬಗೆಯುವ ಆತುರ ಎಲ್ಲರಲ್ಲೂ ಇರುತ್ತದೆ. ಆ ಆತುರಕ್ಕೆ ತಡೆ ಹಾಕಲು ನನಗೆ ನೆರವಾದ ಸಂಗತಿಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ವಂಶವೃಕ್ಷ ಕಟ್ಟುವ ಮೊದಲು ಮೀನನ್ನು ಕೈಯಲ್ಲಿ ಹಿಡಿದು ನೋಡಿ

ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಹೊತ್ತು ಬೋಟಿನಿಂದ ಬುಟ್ಟಿ ಇಳಿಯುತ್ತಿರುವಾಗ ಮೀನು ಆರಿಸುವ ಹೆಂಗಸರ ಪಕ್ಕ ಕೂತು ನೋಡಬೇಕು. ಬೆಳ್ಳಿಬಣ್ಣದ, ಒಂದೇ ಅಳತೆಯ ಮೀನಿನ ರಾಶಿಯಿಂದ ಅವರ ಕೈ ತಾನಾಗಿ ಎರಡು ಗುಂಪು ಮಾಡುತ್ತದೆ. “ಅಕ್ಕಾ, ಇದೂ ಬೂತಾಯಿಯೇ ಅಲ್ವಾ?” ಎಂದು ಕೇಳಿದರೆ, “ಅಲ್ಲ ಮಾರಾಯ್ರೆ, ಅದು ಪೇಡಿ. ತಲೆ ನೋಡಿ” ಎನ್ನುತ್ತಾರೆ. ಬೂತಾಯಿಯ ತಲೆ ಉದ್ದ, ಬಾಲದ ರೆಕ್ಕೆ ಬಿಟ್ಟು ಅಳೆದರೆ ಮೈಯ ಮೂರರಲ್ಲೊಂದು ಪಾಲಿನಷ್ಟು. ಪೇಡಿಯದು ಗಿಡ್ಡ ತಲೆ, ಅಗಲ ಮೈ. ಕಾರವಾರದ ಕಡೆ ತಾರ್ಲೆ, ಕುಂದಾಪುರದ ಕಡೆ ಬೈಗೆ, ಕೇರಳದಲ್ಲಿ ಮತ್ತಿ ಎನ್ನುವ ಈ ಬೂತಾಯಿಗೆ ವಲೆನ್ಸಿಯೆನ್ 1847ರಲ್ಲಿ ಪುದುಚೇರಿಯ ಮಾದರಿ ಇಟ್ಟುಕೊಂಡು ಸಾರ್ಡಿನೆಲ್ಲ ಲಾಂಗಿಸೆಪ್ಸ್ ಎಂದು ಹೆಸರಿಟ್ಟರು.

ಹೆಂಗಸರ ಕಣ್ಣು ಹೇಳಿದ್ದನ್ನು ಎಣಿಕೆಯೂ ಹೇಳುತ್ತದೆ. ಹೊಟ್ಟೆಯಡಿ ಇರುವ ಜೋಡಿ ರೆಕ್ಕೆಯನ್ನು ಬಿಡಿಸಿ ಕವಲೊಡೆದ ಕಡ್ಡಿಗಳನ್ನು ಎಣಿಸಿ. ಬಹುಪಾಲು ಸಾರ್ಡಿನೆಲ್ಲಗಳಲ್ಲಿ ಏಳು ಇರುತ್ತವೆ. ಬೂತಾಯಿಯಲ್ಲಿ ಎಂಟು. ಇಂಡೊನೇಷ್ಯದ ಬಾಲಿ ಜಲಸಂಧಿಯಲ್ಲಿ ಹೇರಳವಾಗಿ ಸಿಗುವ ಲೆಮುರು, ಪೂರ್ವ ಆಫ್ರಿಕದ ನೆಗ್ಲೆಕ್ಟ, ಅಟ್ಲಾಂಟಿಕ್ ಹಾಗೂ ಮೆಡಿಟರೇನಿಯನ್‌ನ ಔರಿಟ, ಇವುಗಳಲ್ಲೂ ಎಂಟೇ. ಒಂದು ಕಡ್ಡಿ ಹೆಚ್ಚು ಎನ್ನುವ ಈ ಸಣ್ಣ ಗುರುತು ಮೂರು ಸಾಗರಗಳ ಮೀನುಗಳನ್ನು ಒಂದು ಬಳಗಕ್ಕೆ ಸೇರಿಸುತ್ತದೆ. ಡಿಎನ್‌ಎ ಹೋಲಿಕೆ ಬಂದ ಮೇಲೂ ಈ ಬಳಗ ಒಡೆಯಲಿಲ್ಲ. ಪೇಡಿಯ ಗುಂಪು ಮಾತ್ರ ಇವುಗಳಿಂದ ದೂರ ಸರಿದು ಬೇರೆ ಕುಲದ ಮೀನುಗಳ ಪಕ್ಕಕ್ಕೆ ಹೋಯಿತು. ಹಾಗಾಗಿ ಸಾರ್ಡಿನೆಲ್ಲ ಎಂಬ ಹೆಸರಿನಡಿ ನಾವು ಇಟ್ಟಿದ್ದೆಲ್ಲ ಒಂದೇ ತಾಯಿಯ ಮಕ್ಕಳಲ್ಲ.

ಲೆಮುರುವನ್ನೂ ಬೂತಾಯಿಯನ್ನೂ ಬಹುಕಾಲ ಒಂದೇ ಎಂದು ಬರೆಯುತ್ತಿದ್ದರು. ಕಿವಿರಿನ ಕಮಾನಿನಲ್ಲಿ ನೀರಿನಿಂದ ಆಹಾರ ಸೋಸುವ ಸಣ್ಣ ಕಡ್ಡಿಗಳನ್ನು ಎಣಿಸಿದರೆ ವ್ಯತ್ಯಾಸ ಕಾಣುತ್ತದೆ. ಒಂದೇ ಅಳತೆಯ ಮೀನಿನಲ್ಲಿ ಲೆಮುರುವಿಗೆ ಕಡಿಮೆ, ಬೂತಾಯಿಗೆ ಹೆಚ್ಚು. ಮಂಗಳೂರಿನ ಬಲೆಯಲ್ಲಿ ಸಿಕ್ಕಿದ್ದು, ಬಾಲಿಯಲ್ಲಿ ಸಿಕ್ಕಿದ್ದು ಎರಡೂ ಒಂದೇ ಎಂದುಕೊಂಡರೆ ಮೀನು ಒಂದು ದಾರಿಯಲ್ಲಿ ಹಬ್ಬಿದಂತೆ ತೋರುತ್ತದೆ. ಬೇರೆ ಎಂದು ತಿಳಿದ ಕ್ಷಣ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ: ಯಾವಾಗ ಕವಲೊಡೆದವು, ಯಾವ ತಡೆ ಅವನ್ನು ಬೇರ್ಪಡಿಸಿತು? ಹೀಗೆ ಮೂಲದ ವಿಚಾರ ಎಷ್ಟೋ ಸಲ ಕಿವಿರಿನ ಕಡ್ಡಿಯ ಎಣಿಕೆಯಿಂದ ಶುರುವಾಗುತ್ತದೆ. ನೂರಾರು ಕಡ್ಡಿ ಎಣಿಸಲು ತಾಳ್ಮೆ ಬೇಕು, ಆದರೆ ಈ ತಾಳ್ಮೆಗೆ ಬದಲಿ ಬೇರೆ ಇಲ್ಲ.

2. ಹಿರಿಯ ಕವಲು ಎಲ್ಲಿದೆಯೋ ಅಲ್ಲೇ ಮೂಲ ಎನ್ನಬೇಡಿ

ಪಶ್ಚಿಮ ಆಫ್ರಿಕದ ಬೆನಿನ್, ನೈಜೀರಿಯ, ಕ್ಯಾಮರೂನ್ ದೇಶಗಳ ಸಿಹಿನೀರಿನಲ್ಲಿ ಡೆಂಟಿಸೆಪ್ಸ್ ಎಂಬ ಬೆರಳುದ್ದದ ಮೀನಿದೆ. ತಲೆಯ ಮೇಲೆಲ್ಲ ಹಲ್ಲಿನಂಥ ಸಣ್ಣ ಮುಳ್ಳುಗಳು. 1959ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾಯಿತು. ಬೂತಾಯಿ, ಹೆರಿಂಗ್, ನಮ್ಮ ಬೊಳಂಜಿರ್ ಸೇರುವ ಆಂಚೊವಿಗಳು, ಇವೆಲ್ಲ ಇರುವ ಇಡೀ ಗಣದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ವಂಶದಲ್ಲಿ ಇಂದು ಬದುಕಿರುವುದು ಇದೊಂದೇ.

ವಂಶವೃಕ್ಷದಲ್ಲಿ ಬುಡದ ಬಳಿ ಇದರ ಹೆಸರು ಕಂಡಾಗ ಹೊಸಬರು ಹಿಗ್ಗುತ್ತಾರೆ: “ಸರ್, ಬೂತಾಯಿಯ ಮೂಲ ಆಫ್ರಿಕದ ಹೊಳೆ!” ಹಾಗಲ್ಲ. ಡೆಂಟಿಸೆಪ್ಸ್ ಬೂತಾಯಿಯ ಅಜ್ಜ ಅಲ್ಲ, ಬೂತಾಯಿಯಷ್ಟೇ ಕಾಲ ಬದುಕಿ ಬಂದ ದಾಯಾದಿ. ಇಬ್ಬರಿಗೂ ಇದ್ದ ಒಬ್ಬ ಪೂರ್ವಜ ಎಲ್ಲಿದ್ದ ಎನ್ನುವುದನ್ನು ಈಗಿನ ಒಬ್ಬ ದಾಯಾದಿಯ ವಾಸಸ್ಥಳ ತೀರ್ಮಾನಿಸಲಾರದು. ಡೆಂಟಿಸೆಪ್ಸ್‌ನ ಬಂಧುವೊಂದರ ಪಳೆಯುಳಿಕೆ ಟಾಂಜಾನಿಯದಲ್ಲೂ ಸಿಕ್ಕಿದೆ. ಅಂದರೆ ಈ ವಂಶ ಒಂದು ಕಾಲದಲ್ಲಿ ಆಫ್ರಿಕದ ಇನ್ನೊಂದು ಮಗ್ಗುಲಲ್ಲೂ ಇತ್ತು, ಅಲ್ಲಿ ಅಳಿದು ಇಲ್ಲಿ ಉಳಿದಿದೆ. ಹಳೆಯ ವಂಶದ ಕೊನೆಯ ಸದಸ್ಯರು ಸಿಗುವ ಜಾಗ ಹೆಚ್ಚಾಗಿ ಹೇಳುವುದು ಇಷ್ಟೇ: ಇಲ್ಲಿ ಅವು ಸಾಯದೆ ಉಳಿದವು.

3. ಇಂದಿನ ನಕ್ಷೆಯನ್ನು ಮಡಚಿಟ್ಟು ಹಳೆಯ ನಕ್ಷೆ ತೆರೆಯಿರಿ

ಸಣ್ಣ ಕಡಲ ಮೀನುಗಳ ವೈವಿಧ್ಯ ಇಂದು ಅತಿ ಹೆಚ್ಚು ಇರುವುದು ಇಂಡೊನೇಷ್ಯ, ಫಿಲಿಪ್ಪೀನ್ಸ್, ಪಪುವ ನ್ಯೂಗಿನಿಗಳ ನಡುವಿನ ಹವಳದ ಕಡಲಿನಲ್ಲಿ. ಹೀಗಾಗಿ ಪ್ರತಿಯೊಂದು ಕುಟುಂಬದ ಮೂಲವನ್ನೂ ಅಲ್ಲಿಗೇ ಒಯ್ದು ನಿಲ್ಲಿಸುವ ರೂಢಿಯಿದೆ. ಆ ಕಡಲು ಹೊಸ ಪ್ರಭೇದಗಳು ಹುಟ್ಟುವ ಜಾಗವೇ, ಹಿಂದೂ ಮಹಾಸಾಗರದ ಮೀನೂ ಪೆಸಿಫಿಕ್‌ನ ಮೀನೂ ಗಡಿ ಕಲಸಿಕೊಳ್ಳುವ ಜಾಗವೇ, ಅಥವಾ ಬೇರೆಡೆ ಹುಟ್ಟಿದ್ದು ಪ್ರವಾಹದ ಜೊತೆ ಬಂದು ಸೇರುವ ಜಾಗವೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಮೂರಕ್ಕೂ ಪುರಾವೆ ಇದೆ, ಮೀನು ಬದಲಾದಂತೆ ಉತ್ತರವೂ ಬದಲಾಗುತ್ತದೆ.

ನನ್ನ ಮಟ್ಟಿಗೆ ಈ ಚರ್ಚೆಯ ದಿಕ್ಕು ಬದಲಿಸಿದ್ದು 2008ರಲ್ಲಿ ವಿಲೆಮ್ ರೆನೆಮ ಮತ್ತು ಸಂಗಡಿಗರು ಬರೆದ ಪ್ರಬಂಧ. ಕಡಲ ಜೀವವೈವಿಧ್ಯದ ಕೇಂದ್ರ ಒಂದೇ ಕಡೆ ನಿಂತಿಲ್ಲ, ಜಾಗ ಬದಲಿಸುತ್ತ ಬಂದಿದೆ ಎಂದು ಅವರು ಪಳೆಯುಳಿಕೆ, ಡಿಎನ್‌ಎ ಎರಡನ್ನೂ ಇಟ್ಟು ತೋರಿಸಿದರು. ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದೆ ಆ ಕೇಂದ್ರ ಇದ್ದದ್ದು ಇಂದಿನ ನೈರುತ್ಯ ಯುರೋಪ್, ವಾಯವ್ಯ ಆಫ್ರಿಕ, ಅರೇಬಿಯ, ನಮ್ಮ ಉಪಖಂಡದ ಪಶ್ಚಿಮ ಅಂಚಿನ ಸುತ್ತ ಹರಡಿದ್ದ ಟೆಥಿಸ್ ಸಾಗರದಲ್ಲಿ. ಆಫ್ರಿಕ, ಅರೇಬಿಯಗಳು ಉತ್ತರಕ್ಕೆ ಸರಿದು ಏಷ್ಯಕ್ಕೆ ತಾಗಿದಾಗ ಆ ಕಡಲು ಮುಚ್ಚಿತು. ಆಸ್ಟ್ರೇಲಿಯ ಉತ್ತರಕ್ಕೆ ಬಂದು ಆಗ್ನೇಯ ಏಷ್ಯವನ್ನು ಒತ್ತಿದಾಗ ಅಲ್ಲಿ ಹೊಸ ದ್ವೀಪಗಳು, ಹೊಸ ಆಳವಿಲ್ಲದ ಕಡಲುಗಳು ಮೂಡಿದವು. ಕೇಂದ್ರ ಅಲ್ಲಿಗೆ ಹೋಯಿತು.

ಇದು ಬರಿಯ ಊಹೆಯ ಮಾತಲ್ಲ ಎನ್ನುವುದಕ್ಕೆ ಇಟಲಿಯ ವೆರೋನ ಬಳಿಯ ಬೋಲ್ಕ ಸಾಕ್ಷಿ. ಅಲ್ಲಿಯ ಸುಣ್ಣಕಲ್ಲಿನ ಪದರಗಳಲ್ಲಿ ಸುಮಾರು ಐದು ಕೋಟಿ ವರ್ಷ ಹಳೆಯ ಮೀನುಗಳು ರೆಕ್ಕೆಯ ಕಡ್ಡಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಉಳಿದಿವೆ. ಬೋಲ್ಕಾಯಿಕ್ತಿಸ್ ಎಂಬ ಸಾರ್ಡೀನ್ ಬಳಗದ ಮೀನು ಅಲ್ಲಿ ಹಿಂಡುಗಟ್ಟಲೆ ಸಿಕ್ಕಿದೆ. ಇಯೊಎಂಗ್ರಾಲಿಸ್ ಎಂಬ ಆಂಚೊವಿಯೂ ಇದೆ. ಕೊಳವೆಮೂತಿಯ ಪೈಪ್‌ಮೀನುಗಳೂ ಇವೆ. ಇಂದು ಮೆಡಿಟರೇನಿಯನ್ ತೀರದಿಂದಲೂ ದೂರವಿರುವ ಆ ಬೆಟ್ಟದಲ್ಲಿ ನಿಂತರೆ ಉಷ್ಣವಲಯದ ಹವಳದ ಕಡಲೊಂದರ ದಂಡೆಯಲ್ಲಿ ನಿಂತಂತೆಯೇ.

ಇನ್ನೂ ಹತ್ತಿರದ ಸಾಕ್ಷಿ ಪಾಕಿಸ್ತಾನದ ಪಂಜಾಬಿನದು. ಅಲ್ಲಿ ಅಗೆದು ತೆಗೆದ ಸುಮಾರು ನಾಲ್ಕೂವರೆ ಕೋಟಿ ವರ್ಷ ಹಳೆಯ ತಲೆಬುರುಡೆಯೊಂದನ್ನು 2020ರಲ್ಲಿ ಅಲೆಸ್ಸಿಯೊ ಕಪೊಬಿಯಾಂಕೊ ಮತ್ತು ಸಂಗಡಿಗರು ಮೊನೊಸ್ಮೈಲಸ್ ಎಂದು ಹೆಸರಿಸಿದರು. ಆಂಚೊವಿಗಳ ಬಂಧು, ಆದರೆ ಒಂದು ಮೀಟರಿನಷ್ಟು ಉದ್ದವಿದ್ದಿರಬಹುದಾದ ಬೇಟೆಗಾರ. ಮೇಲ್ದವಡೆಯಲ್ಲಿ ಒಂದೇ ಒಂದು ಉದ್ದನೆಯ ಕೋರೆಹಲ್ಲು, ಕೆಳದವಡೆಯಲ್ಲಿ ಸಾಲು ಕೋರೆ. ಇದೇ ಬಳಗದ ಇನ್ನೊಂದು ಬೆಲ್ಜಿಯಮ್ಮಿನಲ್ಲಿ ಸಿಕ್ಕಿದೆ. ಇಂದಿನ ಆಂಚೊವಿ ಎಂದರೆ ಪ್ಲವಕ ಸೋಸಿ ತಿನ್ನುವ ಸಣ್ಣ ಮೀನು. ಸಣ್ಣ ಮೀನಿನ ನೆಂಟರು ಎಂದೆಂದೂ ಸಣ್ಣವರೇ ಆಗಿದ್ದರು, ಅವರ ಊಟ ಎಂದೂ ಇದೇ ಆಗಿತ್ತು ಎನ್ನುವ ಎಣಿಕೆಯನ್ನು ಈ ಎರಡು ಬುರುಡೆಗಳು ಮುರಿದುಹಾಕುತ್ತವೆ. ಎರಡೂ ದಶಕಗಳ ಕಾಲ ಸಂಗ್ರಹಾಲಯದ ಕಪಾಟಿನಲ್ಲಿ ಕಾದಿದ್ದವು ಎನ್ನುವುದನ್ನೂ ನೆನಪಿಡಬೇಕು.

4. ಈಜಲಾರದ ಮೀನೇ ಬಹುದೂರ ಹೋಗಿರಬಹುದು

ಕಡಲಕುದುರೆಯಷ್ಟು ನಿಧಾನಿ ಮೀನು ಬೇರೆ ಇಲ್ಲ. ಬಾಲದಿಂದ ಹುಲ್ಲಿಗೋ ಹವಳಕ್ಕೋ ಸುತ್ತಿಕೊಂಡು ನಿಲ್ಲುವುದೇ ಅದರ ಜೀವನ. ಹೆಣ್ಣು ಗಂಡಿನ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಡುತ್ತದೆ, ಮರಿ ಹೆರುವುದು ಗಂಡು. ಇಂಥ ಮೀನು ಒಂದೊಂದು ಕೊಲ್ಲಿಯಲ್ಲಿ ಒಂದೊಂದು ಪ್ರಭೇದವಾಗಿ ಉಳಿದಿರಬೇಕು ಎಂದು ತೋರುವುದು ಸಹಜ. ಆದರೆ ಕಡಲಕುದುರೆಗಳು ಎಲ್ಲ ಬೆಚ್ಚನೆಯ ಕಡಲುಗಳಲ್ಲೂ ಇವೆ.

2021ರಲ್ಲಿ ಚೀನ, ಜರ್ಮನಿ ಮೊದಲಾದ ದೇಶಗಳ ಸಂಶೋಧಕರು 21 ಪ್ರಭೇದಗಳ ಜೀನೋಮ್ ಓದಿ ಅವುಗಳ ದಾರಿ ಬಿಡಿಸಿದರು. ಈ ಕುಲ ಮೊದಲು ಕವಲೊಡೆದದ್ದು ಎರಡು ಕೋಟಿ ವರ್ಷಕ್ಕೂ ಹಿಂದೆ, ಹಿಂದೂ ಮಹಾಸಾಗರ–ಪೆಸಿಫಿಕ್ ಕಡಲುಗಳಲ್ಲಿ. ಅಲ್ಲಿಂದ ಅಟ್ಲಾಂಟಿಕ್‌ಗೆ ಒಂದಕ್ಕಿಂತ ಹೆಚ್ಚು ಸಲ ಹೋಗಿವೆ: ಮೊದಲು ಟೆಥಿಸ್ ಇನ್ನೂ ಪೂರ್ತಿ ಮುಚ್ಚದಿದ್ದಾಗ ಆ ದಾರಿಯಿಂದ, ಬಹಳ ಕಾಲದ ಮೇಲೆ ಆಫ್ರಿಕದ ದಕ್ಷಿಣ ತುದಿ ಸುತ್ತಿ. ನಮ್ಮ ಕಡಲಲ್ಲಿ ಇರುವ ಕುಡ ಎಂಬ ಕಡಲಕುದುರೆಗೆ ಹತ್ತಿರದ ಬಂಧುಗಳು ಬ್ರೆಜಿಲಿನ ರೀಡೈ, ಪಶ್ಚಿಮ ಆಫ್ರಿಕದ ಆಲ್ಜಿರಿಕಸ್. ಎರಡನೆಯ ದಾರಿಯ ಮಕ್ಕಳು ಇವು. ಆ ದಕ್ಷಿಣ ತುದಿಯ ಬಳಿ ಹರಿಯುವ ಅಗುಲ್ಹಾಸ್ ಪ್ರವಾಹದ ಸುಳಿಗಳು ಹಿಂದೂ ಮಹಾಸಾಗರದ ಬೆಚ್ಚನೆಯ ನೀರನ್ನು ಅಟ್ಲಾಂಟಿಕ್‌ಗೆ ದಾಟಿಸುತ್ತವೆ. ಕಿತ್ತುಹೋದ ಕಡಲಹುಲ್ಲಿನ ತುಂಡಿಗೆ ಬಾಲ ಸುತ್ತಿಕೊಂಡ ಒಂದು ಬಸುರಿ ಗಂಡು ಸಾಕು, ಅದರ ಚೀಲದಲ್ಲಿ ನೂರಾರು ಮರಿಗಳಿರುತ್ತವೆ. ಅಂಟಿಕೊಳ್ಳುವ ಸ್ವಭಾವವೇ ಅದನ್ನು ಸಾಗರ ದಾಟಿಸಿತು.

ಇನ್ನೊಂದು ತುದಿಯೂ ಇದೆ. ಗೊಂಬೆಯಂಥ ಕುಬ್ಜ ಕಡಲಕುದುರೆಗಳು ಆಗ್ನೇಯ ಏಷ್ಯ, ಪಶ್ಚಿಮ ಪೆಸಿಫಿಕ್‌ಗಳ ಹವಳಗಳಲ್ಲಷ್ಟೇ ಇವೆ ಎಂದು ಬಹುಕಾಲ ನಂಬಿಕೆ ಇತ್ತು. 2020ರಲ್ಲಿ ದಕ್ಷಿಣ ಆಫ್ರಿಕದ ಸೋಡ್ವಾನ ಕೊಲ್ಲಿಯಿಂದ ನಲು ಎಂಬ ಎರಡು ಸೆಂಟಿಮೀಟರಿನ ಕುಬ್ಜವನ್ನು ವರ್ಣಿಸಿದರು. ಗೊತ್ತಿದ್ದ ಹತ್ತಿರದ ಬಂಧುಗಳಿಂದ ಅದು ಎಂಟು ಸಾವಿರ ಕಿಲೋಮೀಟರ್ ದೂರ. ನಡುವೆ ಇಡೀ ಹಿಂದೂ ಮಹಾಸಾಗರವಿದೆ. ಇಷ್ಟು ಸಣ್ಣ ಮೀನು ಒಂದು ಕಡಲಲ್ಲಿ ಇಲ್ಲ ಎಂದು ಬರೆಯುವ ಮೊದಲು ಆ ಕಡಲನ್ನು ಯಾರಾದರೂ ಹತ್ತಿರದಿಂದ ನೋಡಿದ್ದಾರೆಯೇ ಎಂದು ಕೇಳಬೇಕು. ಲಕ್ಷದ್ವೀಪ, ನೇತ್ರಾಣಿಗಳ ಬಂಡೆಸಂದುಗಳ ಬಗ್ಗೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿರುವುದೂ ಇದನ್ನೇ.

ಹೇಳಲೇಬೇಕಾದ ಒಂದು ಮಾತು: ಟ್ರಾಲ್ ಬಲೆಯಲ್ಲಿ ಕಡಲಕುದುರೆ ಸತ್ತೇ ಬಂದಿರಲಿ, ಅದನ್ನು ಜೇಬಿಗೆ ಹಾಕಿಕೊಂಡು ಬರುವಂತಿಲ್ಲ. 2001ರಿಂದ ಕಡಲಕುದುರೆ, ಪೈಪ್‌ಮೀನುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಯ ಅನುಮತಿ ಮೊದಲು, ಮಾದರಿ ಆಮೇಲೆ.

5. ವಂಶದ ವಯಸ್ಸು ಬೇರೆ, ಈಗಿನ ಹಿಂಡಿನ ವಯಸ್ಸು ಬೇರೆ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಪಾಠ. ಸಾರ್ಡಿನಾಪ್ಸ್ ಎಂಬ ಸಾರ್ಡೀನ್ ಐದು ಕಡೆ ಇದೆ: ಜಪಾನ್, ಕ್ಯಾಲಿಫೋರ್ನಿಯ, ಪೆರು–ಚಿಲಿ, ಆಸ್ಟ್ರೇಲಿಯ–ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಪೆಸಿಫಿಕ್, ಹಿಂದೂ ಮಹಾಸಾಗರಗಳ ತಣ್ಣೀರಿನ ಮೂಲೆಗಳು. ನಡುವೆ ಉಷ್ಣವಲಯದ ಬೆಚ್ಚನೆಯ ನೀರು, ಈ ಮೀನಿಗೆ ಆಗದು. ಇಷ್ಟು ದೂರದೂರ ಹಂಚಿಹೋಗಿರುವುದರಿಂದ ಕೋಟ್ಯಂತರ ವರ್ಷಗಳ ಹಿಂದೆಯೇ ಬೇರೆಯಾಗಿರಬೇಕು ಎಂದು ಐದಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರು. 1997ರಲ್ಲಿ ಬ್ರಯಾನ್ ಬೋವೆನ್, ಸ್ಟೂವರ್ಟ್ ಗ್ರಾಂಟ್ ಅವುಗಳ ಮೈಟೋಕಾಂಡ್ರಿಯದ ಡಿಎನ್‌ಎ ಹೋಲಿಸಿದಾಗ ಕಂಡದ್ದು ತೀರ ಸಣ್ಣ ಅಂತರ. ಕೆಲವು ಲಕ್ಷ ವರ್ಷಗಳ ಒಳಗೇ ಈ ಮೀನು ಆ ಎಲ್ಲ ಮೂಲೆಗಳಿಗೂ ಹಬ್ಬಿತ್ತು. ಎಂಗ್ರಾಲಿಸ್ ಆಂಚೊವಿಗಳಲ್ಲೂ ಇಂಥದೇ ಕಥೆ: ದಕ್ಷಿಣ ಆಫ್ರಿಕದ ಆಂಚೊವಿ ಯುರೋಪಿನದರ ಇತ್ತೀಚಿನ ಕವಲು, ಎರಡನ್ನೂ ಒಂದೇ ಪ್ರಭೇದ ಎನ್ನುವವರು ಹಲವರಿದ್ದಾರೆ.

ವಂಶ ಹಳೆಯದು, ಹಿಂಡು ಹೊಸದು. ಹೀಗೇಕೆ? ಈ ಮೀನುಗಳ ಬದುಕು ತಳದಿಂದ ಮೇಲೇಳುವ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ನಂಬಿದೆ. ಗಾಳಿ ಬದಲಾದರೆ ಆ ನೀರು ಏಳುವುದಿಲ್ಲ, ಹಿಂಡು ಕುಸಿಯುತ್ತದೆ. ಒಂದು ಮೂಲೆಯ ಮೀನು ಪೂರ್ತಿ ನಾಶವಾಗಿ ಇನ್ನೊಂದು ಮೂಲೆಯಿಂದ ಮತ್ತೆ ತುಂಬಿಕೊಂಡರೆ, ಹಳೆಯ ಮನೆಗೆ ಹೊಸ ಒಕ್ಕಲು ಬಂದ ಹಾಗೆ: ಗೋಡೆ ನೋಡಿ ಒಕ್ಕಲಿನ ವಯಸ್ಸು ಹೇಳಲಾಗದು. ಕ್ಯಾಲಿಫೋರ್ನಿಯದ ಸಾಂಟ ಬಾರ್ಬರ ಬಳಿ ಕಡಲತಳದ ಒಂದು ಗುಂಡಿಯಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಕೆಸರು ಕದಡದೆ ವರ್ಷ ವರ್ಷದ ಪದರವಾಗಿ ಕೂತಿದೆ. ಆ ಪದರಗಳಲ್ಲಿ ಉದುರಿದ ಸಾರ್ಡೀನ್, ಆಂಚೊವಿ ಹುರುಪೆಗಳನ್ನು ಎಣಿಸಿ ಬಾಮ್‌ಗಾರ್ಟ್ನರ್ ತಂಡ 1992ರಲ್ಲಿ ಸುಮಾರು 1700 ವರ್ಷಗಳ ಏರಿಳಿತ ತೋರಿಸಿತು. ಯಂತ್ರದ ದೋಣಿ, ದೊಡ್ಡ ಬಲೆಗಳು ಬರುವ ಎಷ್ಟೋ ಮೊದಲೇ ಈ ಮೀನುಗಳು ಮತ್ತೆ ಮತ್ತೆ ಕುಸಿದು ಮತ್ತೆ ಮತ್ತೆ ತುಂಬಿಕೊಂಡಿವೆ.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ ನಾಲ್ಕು ಸಾವಿರ ಟನ್ನೂ ದಾಟಲಿಲ್ಲ. ಇಂಥ ಕುಸಿತಗಳನ್ನು ಸಾವಿರ ಸಲ ಕಂಡ ವಂಶದ ಡಿಎನ್‌ಎಯಲ್ಲಿ ಹಳೆಯ ನೆನಪು ಬಹುಪಾಲು ಅಳಿಸಿಹೋಗಿರುತ್ತದೆ. ಆದ್ದರಿಂದ ಎರಡು ಕಡೆಯ ಮೀನುಗಳ ನಡುವೆ ಅಂತರ ಕಡಿಮೆ ಎಂದಾಕ್ಷಣ ಇಂದೂ ಅವು ಕೂಡಿ ಮರಿ ಮಾಡುತ್ತಿವೆ, ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯಿಂದ ಬಂದು ತುಂಬುತ್ತದೆ ಎಂದು ಬೋಟಿನವರಿಗೆ ಭರವಸೆ ಕೊಡಬಾರದು. ಒಂದು ಊರಿನ ಹೊಟ್ಟೆಪಾಡು ಆ ಭರವಸೆಯ ಮೇಲೆ ನಿಂತಿರುತ್ತದೆ.

6. ಕಾಲ ಅಳೆಯಲು ಒಂದೇ ಬಾಗಿಲನ್ನು ನಂಬಬೇಡಿ

ಪನಾಮ ಭೂಸಂಧಿ ಸುಮಾರು 30 ಲಕ್ಷ ವರ್ಷಗಳ ಹಿಂದೆ ಪೂರ್ತಿ ಮುಚ್ಚಿಕೊಂಡು ಕೆರಿಬಿಯನ್ನನ್ನೂ ಪೆಸಿಫಿಕ್ಕನ್ನೂ ಬೇರೆ ಮಾಡಿತು. ಎರಡೂ ಕಡೆ ಅವಳಿಗಳಂತೆ ಕಾಣುವ ಮೀನುಗಳಿರುವುದನ್ನು ಕಂಡು ಡೇವಿಡ್ ಸ್ಟಾರ್ ಜೋರ್ಡನ್ 1908ರಲ್ಲೇ ಅದನ್ನೊಂದು ನಿಯಮ ಎಂದು ಕರೆದರು. ಮೇಲೆ ಹೇಳಿದ ರೀಡೈ ಕಡಲಕುದುರೆಗೂ ಪೆಸಿಫಿಕ್ ದಂಡೆಯಲ್ಲಿ ಇಂಗೆನ್ಸ್ ಎಂಬ ಅವಳಿ ಇದೆ. ಬಾಗಿಲು ಮುಚ್ಚಿದ ಕಾಲ ಗೊತ್ತು, ಅವಳಿಗಳ ಡಿಎನ್‌ಎ ಅಂತರ ಗೊತ್ತು. ಭಾಗಿಸಿದರೆ ಡಿಎನ್‌ಎ ಬದಲಾಗುವ ವೇಗ ಸಿಕ್ಕಿತು ಎಂದು ಎಷ್ಟೋ ಪ್ರಬಂಧಗಳು ನಡೆದಿವೆ.

ಆದರೆ ಬಾಗಿಲು ಒಮ್ಮೆಗೇ ಮುಚ್ಚಲಿಲ್ಲ. ಆಳದ ನೀರಿಗೆ ಮೊದಲು, ತೀರದ ಕೆಸರಿಗೆ ಕೊನೆಗೆ. ನ್ಯಾನ್ಸಿ ನೋಲ್ಟನ್, ಲೀ ವೀಟ್ 1998ರಲ್ಲಿ ಅಲ್ಲಿಯ ಸಿಗಡಿಗಳಲ್ಲಿ ಇದನ್ನು ತೋರಿಸಿದರು. ಕಾಂಡ್ಲಾ ಗಿಡಗಳ ನಡುವೆ ಇರುವ ಜೋಡಿಗಳಲ್ಲಿ ಅಂತರ ಕಡಿಮೆ, ಆಳದ, ತೀರದಿಂದ ದೂರದ ಜೋಡಿಗಳಲ್ಲಿ ಹೆಚ್ಚು. ಗೋಬಿ, ಬ್ಲೆನಿಯಂಥ ಸಣ್ಣ ಮೀನುಗಳಿಗೆ ಈ ಬಾಗಿಲಿನಿಂದ ಕಾಲ ಲೆಕ್ಕ ಹಾಕುವವರು ಮೊದಲು ಅವು ಎಷ್ಟು ಆಳದಲ್ಲಿ, ಕೆಸರಲ್ಲೋ ಬಂಡೆಯಲ್ಲೋ ಬದುಕುತ್ತವೆ ಎಂದು ನೋಡಬೇಕು. ಪಳೆಯುಳಿಕೆಯ ಇನ್ನೊಂದು ತಾರೀಖನ್ನೂ ಜೊತೆಗಿಟ್ಟುಕೊಳ್ಳಬೇಕು. ಸ್ಲೊವೇನಿಯದಲ್ಲಿ ಸಿಕ್ಕ ಸುಮಾರು 1.3 ಕೋಟಿ ವರ್ಷ ಹಳೆಯ ಕಡಲಕುದುರೆಗಳು ಆ ವಂಶಕ್ಕೆ ಅಂಥ ಆಸರೆ: ಕುಲ ಅದಕ್ಕಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ.

7. ಹಡಗಿನ ದಾರಿಯನ್ನೂ ಕೇಳಿ

ಮುಂಬಯಿಯ ಮಾದರಿಯಿಂದ ವರ್ಣಿಸಲಾದ ಒಮೊಬ್ರಾಂಕಸ್ ಪಂಕ್ಟೇಟಸ್ ಎಂಬ ಬ್ಲೆನಿ ಅಳಿವೆಗಳಲ್ಲಿ, ಖಾಲಿ ಚಿಪ್ಪುಗಳ ಒಳಗೆ ಬದುಕುವ ಬೆರಳುದ್ದದ ಮೀನು. ಇದು ಟ್ರಿನಿಡಾಡ್, ವೆನೆಜುವೆಲ, ಬ್ರೆಜಿಲ್‌ನಲ್ಲೂ ಇದೆ. ಖಂಡಚಲನೆಯಿಂದ ಇದನ್ನು ವಿವರಿಸಲು ಹೊರಟರೆ ಕೆಟ್ಟೆವು. 1845ರಿಂದ 1917ರವರೆಗೆ ಕೂಲಿಯಾಳುಗಳನ್ನು ಭಾರತದಿಂದ ಟ್ರಿನಿಡಾಡಿಗೆ ಒಯ್ದ ಹಡಗುಗಳ ತಳಕ್ಕೆ ಅಂಟಿದ ಚಿಪ್ಪುಗಳ ನಡುವೆ ಈ ಮೀನು ಹೋಗಿರಬೇಕು ಎಂದು ಇದರ ಅಧ್ಯಯನ ಮಾಡಿದವರು ವಾದಿಸಿದ್ದಾರೆ. ನೆಲ ಬಿಟ್ಟು ಹೋದ ಆ ಜನರ ಜೊತೆ ನಮ್ಮ ಅಳಿವೆಯ ಮೀನೊಂದೂ ಸಾಗರ ದಾಟಿತು ಎಂದು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಸೂಯೆಜ್ ಕಾಲುವೆ 1869ರಲ್ಲಿ ತೆರೆದಾಗಿನಿಂದ ಕೆಂಪು ಸಮುದ್ರದ ಮೀನುಗಳು ಮೆಡಿಟರೇನಿಯನ್‌ಗೆ ಹೋಗುತ್ತಲೇ ಇವೆ. ಅಲ್ಲಿ ಸಿಗುತ್ತಿದ್ದ ಒಂದು ದುಂಡು ಹೆರಿಂಗನ್ನು ಬೇರೆ ಸಾಗರಗಳ ಪ್ರಭೇದವೆಂದು ದಶಕಗಟ್ಟಲೆ ಬರೆದಿಟ್ಟಿದ್ದರು. 2012ರಲ್ಲಿ ಅದು ಕೆಂಪು ಸಮುದ್ರದ್ದೇ ಆದ ಬೇರೆ ಪ್ರಭೇದ ಎಂದು ತಿಳಿದು ಎಟ್ರುಮಿಯಸ್ ಗೊಲಾನಿಯೈ ಎಂದು ಹೆಸರಾಯಿತು. ತಾಯ್ನಾಡಿನಲ್ಲಿ ಹೆಸರಿಲ್ಲದ ಮೀನು ವಲಸೆ ಹೋದ ಕಡಲಲ್ಲಿ ಬೇರೆಯವರ ಹೆಸರಿನಲ್ಲಿ ಇತ್ತು.

8. ತಾಯಿಯ ಕಡೆಯ ಸಾಕ್ಷಿ ಒಂದೇ ಸಾಲದು

ಮೈಟೋಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ಎರಡು ಪ್ರಭೇದಗಳು ಕೂಡಿದರೆ ತಂದೆಯ ಕಡೆಯ ಕಥೆ ಅದರಲ್ಲಿ ಕಾಣುವುದೇ ಇಲ್ಲ. ಪಪುವ ನ್ಯೂಗಿನಿ, ಸೊಲೊಮನ್ ದ್ವೀಪಗಳ ಲ್ಯೂಕೊಕ್ರಾನೊಸ್ ಎಂಬ ಕೋಡಂಗಿಮೀನು ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆದಿತ್ತು. ನಿಜಕ್ಕೂ ಅದು ಎರಡು ಪ್ರಭೇದಗಳ ಮಿಶ್ರಸಂತಾನ. ಕೋಶಕೇಂದ್ರದ ಡಿಎನ್‌ಎಯನ್ನೂ ಓದಿ. ಎರಡು ಸಾಕ್ಷಿಗಳು ಒಪ್ಪದಿದ್ದರೆ ಹೆದರಬೇಡಿ, ಮುಖ್ಯ ಘಟನೆ ಅಲ್ಲೇ ಅಡಗಿರುತ್ತದೆ.

9. ದಕ್ಕೆಯ ಹೆಸರನ್ನು ಕಡಲಿನ ಹೆಸರೆಂದು ಬರೆಯಬೇಡಿ

ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಬೂತಾಯಿಯ ಪೂರ್ಣ ಜೀನೋಮ್ ಹೊರತಂದರು. ಭಾರತದ ತೀರದ ಬೂತಾಯಿಗೂ ಒಮಾನ್ ಕಡೆಯದಕ್ಕೂ ಆನುವಂಶಿಕ ಭೇದ ಇದೆ ಎಂದು ಅದೇ ಸಂಸ್ಥೆಯವರ ಕೆಲಸ ತೋರಿಸಿದೆ. ಅರಬ್ಬೀ ಸಮುದ್ರ ಒಂದೇ, ಮೀನು ಒಂದೇ, ಬಳಗ ಎರಡು. ಇನ್ನು ಮುಂದೆ ರತ್ನಗಿರಿ, ಕಾರವಾರ, ಮಂಗಳೂರು, ಕೊಚ್ಚಿಗಳ ನಡುವೆ ಇನ್ನೂ ಸೂಕ್ಷ್ಮವಾದ ಗೆರೆಗಳಿವೆಯೇ ಎಂದು ನೋಡಲು ಉಪಕರಣ ಸಿದ್ಧವಾಗಿದೆ. ಅದಕ್ಕೆ ಬೇಕಾದದ್ದು ನಂಬಬಹುದಾದ ಮಾದರಿಗಳು.

ಸಾರ್ವಜನಿಕ ದತ್ತಸಂಚಯಗಳಲ್ಲಿ ತಪ್ಪು ಹೆಸರಿನ ಡಿಎನ್‌ಎ ಸರಣಿಗಳು ಬೇಕಾದಷ್ಟಿವೆ. ಮೀನಿನ ದೇಹ ಎಲ್ಲೂ ಉಳಿದಿಲ್ಲದಿದ್ದರೆ ಅವನ್ನು ಯಾರೂ ತಿದ್ದಲಾರರು. ನನ್ನ ಕ್ರಮ ಇದು: ಬಣ್ಣ ಇಳಿಯುವ ಮೊದಲು ಅಳತೆಪಟ್ಟಿಯ ಜೊತೆ ಫೋಟೊ. ಬಲಮಗ್ಗುಲಿನಿಂದ ಸಣ್ಣ ಮಾಂಸದ ತುಣುಕು ತೆಗೆದು ಶೇಕಡ 95ರ ಎಥನಾಲ್‌ಗೆ. ಆಮೇಲಷ್ಟೇ ದೇಹ ಫಾರ್ಮಲಿನ್‌ಗೆ, ಏಕೆಂದರೆ ಫಾರ್ಮಲಿನ್ ತಾಗಿದ ಮಾಂಸದಿಂದ ಡಿಎನ್‌ಎ ಓದುವುದು ಬಲು ಕಷ್ಟ. ಎಡಮಗ್ಗುಲು ಕೆಡದಂತೆ ಉಳಿಯಬೇಕು, ಮುಂದೆ ಎಣಿಸುವವರು ನೋಡುವುದು ಆ ಮಗ್ಗುಲನ್ನೇ. ತುಣುಕಿಗೂ ದೇಹಕ್ಕೂ ಒಂದೇ ಸಂಖ್ಯೆ.

ಮಂಗಳೂರಿನ ಟ್ರಾಲ್ ಬೋಟುಗಳು ದಿನಗಟ್ಟಲೆ ಕಡಲಲ್ಲಿದ್ದು ಗೋವ, ಮಹಾರಾಷ್ಟ್ರದ ಆಚೆಯವರೆಗೂ, ಇತ್ತ ಕೇರಳದ ಕೆಳಗಿನವರೆಗೂ ಹೋಗಿ ಬರುತ್ತವೆ. ಅಂಥ ಬೋಟಿನ ಮೀನಿಗೆ “ಮಂಗಳೂರು” ಎಂದು ಚೀಟಿ ಅಂಟಿಸಿದರೆ, ಮುಂದೆ ಯಾರೋ ಆ ಒಂದು ಪದ ನಂಬಿ ಹೊಸ ವಲಸೆಯ ಕಥೆ ಕಟ್ಟುತ್ತಾರೆ. ಬೋಟು ನಡೆಸುವ ತಂಡೇಲರನ್ನು ಕೇಳಿ. ಅವರ ಜಿಪಿಎಸ್‌ನಲ್ಲಿ ಬಲೆ ಬಿಟ್ಟ ಜಾಗದ ಗುರುತಿರುತ್ತದೆ, ಎಷ್ಟು ಮಾರು ಆಳ ಎಂಬುದು ಬಾಯಲ್ಲೇ ಇರುತ್ತದೆ. ಗೌರವದಿಂದ ಕೇಳಿದರೆ ಹೇಳುತ್ತಾರೆ, ನಿಮ್ಮ ಫಲಿತಾಂಶ ಬಂದಾಗ ಅವರಿಗೂ ಹೋಗಿ ಹೇಳಿ. ಜಾಗ, ಆಳ, ತಾರೀಖು, ಬಲೆಯ ಬಗೆ, ಬಲೆಕಣ್ಣಿನ ಅಳತೆ, ಎಲ್ಲವನ್ನೂ ಗಟ್ಟಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ.